ಪಿಕಪ್ ಗಾಡಿಗೆ ಹಳೆಯ ಎಂಜಿನ್ ಕೂರಿಸುವ ಮುನ್ನ

ಬೆಳೆಗಳ ವಿಚಾರ ಬರೆಯಬೇಕಾದ ಬೇಸಾಯ ಶಾಸ್ತ್ರದವನು ಗಾಡಿಯ ಎಂಜಿನ್ ವಿಷಯಕ್ಕೆ ಏಕೆ ಕೈ ಹಾಕಿದ್ದಾನೆಂದು ಓದುಗರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಟೊಮ್ಯಾಟೊ ಬೆಳೆಯುವವನ ಬೇಸಾಯ ಹೊಲದ ಬದುವಿನಲ್ಲಿ ಮುಗಿಯುವುದಿಲ್ಲ. ನಾಟಿ ಮಾಡಿದ ಸುಮಾರು 65–70 ದಿನಗಳಿಗೆ ಕೊಯ್ಲು ಆರಂಭವಾದರೆ ಅಲ್ಲಿಂದ ಮುಂದೆ ಮೂರು ನಾಲ್ಕು ದಿನಗಳಿಗೊಮ್ಮೆ ಹಣ್ಣು ಬಿಡಿಸಲೇಬೇಕು, ಬಿಡಿಸಿದ್ದನ್ನು ಅಂದೇ ಮಾರುಕಟ್ಟೆಗೆ ಸಾಗಿಸಲೇಬೇಕು. ಸಾಗಿಸುವ ಗಾಡಿ ನಿಂತರೆ ಗೊಬ್ಬರ, ಔಷಧಿ, ನೀರು, ಆಳು ಎಲ್ಲಕ್ಕೂ ಹಾಕಿದ ಹಣ ಗಿಡದಲ್ಲೇ ಕೊಳೆಯುತ್ತದೆ. ಈಗ ಹಳ್ಳಿ ಹಳ್ಳಿಗಳಲ್ಲಿ ರೈತರೇ ಡೀಸೆಲ್ ಪಿಕಪ್ ಇಟ್ಟುಕೊಂಡಿದ್ದಾರೆ. ಅವುಗಳಿಗೆ ವಯಸ್ಸಾಗುತ್ತಿದ್ದಂತೆ "ಹಳೆಯ ಎಂಜಿನ್ ತಂದು ಕೂರಿಸಿಬಿಡೋಣ" ಎಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ನಮ್ಮ ಮನೆಯಲ್ಲಿಯೇ ಇಂಥ ಸಂದರ್ಭ ಬಂದಾಗ ಕಲಿತದ್ದನ್ನು, ಕೃಷಿ ಎಂಜಿನಿಯರಿಂಗ್ ವಿಭಾಗದ ಸಹೋದ್ಯೋಗಿಗಳನ್ನೂ ಅನುಭವಿ ಮೇಸ್ತ್ರಿಯೊಬ್ಬರನ್ನೂ ಕೇಳಿ ತಿಳಿದುಕೊಂಡದ್ದನ್ನು, ಇಲ್ಲಿ ಬರೆದಿದ್ದೇನೆ.

ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಊರಿನಲ್ಲಿ ನನ್ನ ತಮ್ಮ ಬೇಸಾಯ ನೋಡಿಕೊಳ್ಳುತ್ತಾನೆ. 2022ರ ಬೇಸಿಗೆಯಲ್ಲಿ ಎರಡನೆಯ ಬಿಡಿಸುವಿಕೆಯ ಹಣ್ಣನ್ನು, ಅಂದರೆ 15 ಕಿಲೋದ 80 ಬಾಕ್ಸುಗಳನ್ನು, ಕೋಲಾರದ ಮಾರುಕಟ್ಟೆಗೆ ಒಯ್ಯುತ್ತಿದ್ದಾಗ 2009ರಲ್ಲಿ ಕೊಂಡ ಅವನ ಪಿಕಪ್ ರಸ್ತೆಯಲ್ಲೇ ನಿಂತಿತು. ರೇಡಿಯೇಟರಿನ ಕೆಳಗಿನ ಹೋಸ್ ಪೈಪು ಸೀಳಿ ನೀರೆಲ್ಲ ಹೋಗಿತ್ತು. ಶಾಖದ ಮುಳ್ಳು ಕೆಲಸ ಮಾಡುವುದನ್ನು ಬಿಟ್ಟು ಒಂದು ವರ್ಷವಾಗಿತ್ತು, ಅದನ್ನು ಸರಿ ಮಾಡಿಸಿರಲಿಲ್ಲ. ಎಂಜಿನ್ ಸೀಜ್ ಆಯಿತು. ಬಾಕ್ಸುಗಳನ್ನು ಬಾಡಿಗೆ ಗಾಡಿಗೆ ಏರಿಸಿ ಕಳಿಸಿದ ಮೇಲೆ ಅವನು ನನಗೆ ಫೋನು ಮಾಡಿದ.

ಎಂಜಿನ್ ಕೆಟ್ಟದ್ದು ಏಕೆ ಎಂಬುದು ಮೊದಲ ಪ್ರಶ್ನೆ

ಬೇರೆ ಎಂಜಿನ್ ಹುಡುಕುವ ಮೊದಲು ಇದ್ದ ಎಂಜಿನ್ ಏಕೆ ಹಾಳಾಯಿತೆಂದು ತಿಳಿಯತಕ್ಕದ್ದು. ರೋಗ ಬಂದು ಸತ್ತ ಗಿಡದ ಗುಣಿಯಲ್ಲೇ ಮಣ್ಣು ಪರೀಕ್ಷಿಸದೆ ಹೊಸ ಸಸಿ ನೆಟ್ಟರೆ ಏನಾಗುತ್ತದೆಂಬುದು ರೈತರಿಗೆ ಗೊತ್ತು. ಗಾಡಿಯ ಮಟ್ಟಿಗೂ ಅದೇ ಮಾತು.

ಡೀಸೆಲ್ ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಕೆಲಸವಾಗಿ ಪರಿವರ್ತನೆಯಾಗುತ್ತದೆ. ಇನ್ನೊಂದು ಭಾಗ ಹೊಗೆಯ ಕೊಳವೆಯಲ್ಲಿ ಹೊರಟುಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲನ್ನು ನೀರು ಹೊತ್ತುಕೊಂಡು ರೇಡಿಯೇಟರಿನಲ್ಲಿ ಗಾಳಿಗೆ ಬಿಡಬೇಕು. ಈ ನೀರಿನ ದಾರಿ ಕಟ್ಟಿದರೆ ಎಷ್ಟು ಒಳ್ಳೆಯ ಎಂಜಿನ್ನೇ ಆಗಲಿ ಉಳಿಯದು.

ನಮ್ಮ ಗಾಡಿಯ ರೇಡಿಯೇಟರನ್ನು ಬಿಚ್ಚಿದಾಗ ಒಳಗೆ ಕಂಡದ್ದು ನನಗೆ ಬಹಳ ಪರಿಚಯದ ವಸ್ತು. ಹನಿ ನೀರಾವರಿಯ ಲ್ಯಾಟರಲ್ ಪೈಪುಗಳ ತುದಿ ಬಿಚ್ಚಿದರೆ ಕಾಣುವ ಬಿಳಿಯ ಹೆಪ್ಪು ಅದು. ಸಾವಿರ ಅಡಿ ದಾಟಿದ ಕೊಳವೆ ಬಾವಿಯ ಗಡಸು ನೀರನ್ನು ಹನ್ನೆರಡು ವರ್ಷ ರೇಡಿಯೇಟರಿಗೆ ಸುರಿದಿದ್ದರ ಫಲ. ಆ ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ಕಾಯ್ದಾಗ ಹೊರಬಿದ್ದು, ಎಲ್ಲಿ ಶಾಖ ಹೆಚ್ಚೋ ಅಲ್ಲಿಯೇ, ಅಂದರೆ ಸಿಲಿಂಡರ್ ಗೋಡೆಯ ಸುತ್ತ, ಹೆಚ್ಚಾಗಿ ಅಂಟಿಕೊಳ್ಳುತ್ತದೆ. ಈ ಹೆಪ್ಪು ಎರಕದ ಕಬ್ಬಿಣಕ್ಕೆ ಹೋಲಿಸಿದರೆ ಸುಮಾರು 20ನೆಯ ಒಂದು ಪಾಲಿನಷ್ಟು ಮಾತ್ರ ಶಾಖವನ್ನು ಹಾಯಗೊಡುತ್ತದೆ. ಎಂದರೆ 1 ಮಿ.ಮೀ. ಹೆಪ್ಪು ಕಟ್ಟಿದರೆ ಸಿಲಿಂಡರ್ ಗೋಡೆಯನ್ನು 20 ಮಿ.ಮೀ. ದಪ್ಪ ಮಾಡಿದಂತೆ. ಹೋಸ್ ಪೈಪು ಸೀಳಿದ್ದು ಆ ದಿನ. ಎಂಜಿನ್ ಬೇಯುತ್ತಾ ಬಂದದ್ದು ವರ್ಷಗಳಿಂದ.

ಇಲ್ಲೊಂದು ಎಚ್ಚರಿಕೆ. ನಮ್ಮ ತಮ್ಮ ಹೆಪ್ಪನ್ನು ಕಂಡ ಕೂಡಲೇ ಹನಿ ನೀರಾವರಿ ಪೈಪು ತೊಳೆಯಲು ಇಟ್ಟಿದ್ದ ಹೈಡ್ರೋಕ್ಲೋರಿಕ್ ಆಮ್ಲದ ಕ್ಯಾನು ಹೊರತಂದ. ಪ್ಲಾಸ್ಟಿಕ್ ಪೈಪಿಗೆ ಅದು ಸರಿ. ಇಂದಿನ ರೇಡಿಯೇಟರುಗಳು ಬಹುತೇಕ ಅಲ್ಯೂಮಿನಿಯಮ್ಮಿನವು. ಆ ಆಮ್ಲ ಹೆಪ್ಪಿನ ಜೊತೆಗೆ ಲೋಹವನ್ನೂ ತಿಂದುಹಾಕುತ್ತದೆ. 10 ಲೀಟರ್ ಮೆದು ನೀರಿಗೆ 250 ಗ್ರಾಂ ನಿಂಬೆಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಕರಗಿಸಿ ತುಂಬಿ, ಅರ್ಧ ಗಂಟೆ ಎಂಜಿನ್ ಓಡಿಸಿ, ಆರಿದ ಮೇಲೆ ಬಸಿದು ಎರಡು ಮೂರು ಸಲ ಶುದ್ಧ ನೀರಿನಲ್ಲಿ ತೊಳೆಯುವುದು ಸೌಮ್ಯವಾದ ಕ್ರಮ. ಹೆಪ್ಪು ತೀರ ಗಟ್ಟಿಯಾಗಿದ್ದರೆ ರೇಡಿಯೇಟರನ್ನೇ ಬದಲಿಸುವುದು ಲೇಸು. ನಾವು ಬದಲಿಸಿದೆವು. ಅನಂತರ ಗಾಡಿಗೆ ಕೊಳವೆ ಬಾವಿಯ ನೀರನ್ನು ಮುಟ್ಟಿಸಿಲ್ಲ. ಶುದ್ಧೀಕರಿಸಿದ ನೀರಿಗೆ ಕೂಲೆಂಟ್ ಬೆರೆಸಿ ಹಾಕುತ್ತೇವೆ.

ಕೆಟ್ಟ ಎಂಜಿನ್ನನ್ನೇ ರಿಪೇರಿ ಮಾಡಿಸಬಹುದೇ ಎಂದು ಮೊದಲು ನೋಡಿದೆವು. ಬೋರು ಮಾಡಿಸಿ ಲೈನರ್, ಪಿಸ್ಟನ್, ಬೇರಿಂಗು ಹಾಕಿದರೆ ಮುಗಿಯುವ ಹಾಗಿದ್ದರೆ ಅದೇ ಉತ್ತಮ ದಾರಿ: ಗಾಡಿಯ ಎಂಜಿನ್ ನಂಬರು ಬದಲಾಗುವುದಿಲ್ಲ, ಕಚೇರಿಯ ತಿರುಗಾಟವಿಲ್ಲ, ಒಳಗಿರುವುದು ಏನೆಂದು ನಮಗೇ ಗೊತ್ತಿರುತ್ತದೆ. ಆದರೆ ಮೇಸ್ತ್ರಿಗಳು ಬ್ಲಾಕನ್ನು ಒರೆಸಿ, ಸೀಮೆಎಣ್ಣೆ ಸವರಿ, ಮತ್ತೆ ಒರೆಸಿ ಸುಣ್ಣದ ಪುಡಿ ಉದುರಿಸಿದರು. ಸ್ವಲ್ಪ ಹೊತ್ತಿಗೆ ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ನಡುವೆ ಕೂದಲೆಳೆಯಂಥ ಒದ್ದೆ ಗೆರೆ ಮೂಡಿತು. ಬಿರುಕಿನೊಳಗೆ ಇಳಿದ ಎಣ್ಣೆಯನ್ನು ಪುಡಿ ಹೀರಿಕೊಂಡು ತೋರಿಸಿದ ಗೆರೆ ಅದು. ಆ ಬ್ಲಾಕಿನ ಕಥೆ ಅಲ್ಲಿಗೆ ಮುಗಿಯಿತು.

"ಅಪ್ಪನ ಟ್ರಾಕ್ಟರಿನ ಎಂಜಿನ್ ಇದೆಯಲ್ಲ"

ಆಗ ತಮ್ಮ ಒಂದು ಯೋಚನೆ ಮುಂದಿಟ್ಟ. "ಅಣ್ಣ, ಶೆಡ್ಡಿನಾಗೆ ಅಪ್ಪನ ಟ್ರಾಕ್ಟರು ಸುಮ್ಕೆ ನಿಂತೈತೆ. ಅದೂ ಇದೂ ಒಂದೇ ಜಾತಿ ಎಂಜಿನ್ನಂತೆ. ಇಳಿಸಿ ಇದಕ್ಕೆ ಕೂರಿಸಿದ್ರೆ ಕಾಸಿಲ್ಲದೆ ಕೆಲಸ ಆಯ್ತದೆ."

ಮಾತು ಪೂರ್ತಿ ಸುಳ್ಳಲ್ಲ. 1960ರ ದಶಕದಲ್ಲಿ ಮಹೀಂದ್ರ ಸಂಸ್ಥೆಯವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯೊಡನೆ ಸೇರಿ ಬಿ-275 ಟ್ರಾಕ್ಟರನ್ನು ನಮ್ಮ ದೇಶದಲ್ಲಿ ತಯಾರಿಸಲು ಆರಂಭಿಸಿದರು. ಅದರ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ನಿನ ಬೋರು ಸುಮಾರು 85.7 ಮಿ.ಮೀ., ಸ್ಟ್ರೋಕು 101.6 ಮಿ.ಮೀ.; ಒಟ್ಟು ಗಾತ್ರ ಸುಮಾರು 2350 ಘನ ಸೆಂ.ಮೀ. ಅದೇ ವಂಶದ ದೊಡ್ಡ ಎಂಜಿನ್ನಿಗೆ ಸ್ಟ್ರೋಕು ಅಷ್ಟೇ, ಬೋರು ಮಾತ್ರ 88.9 ಮಿ.ಮೀ. ಲೆಕ್ಕ ಹಾಕಿದರೆ 2523 ಘನ ಸೆಂ.ಮೀ. ಬರುತ್ತದೆ. ನಂತರದ ಜೀಪು ಮತ್ತು ಪಿಕಪ್ಪುಗಳಲ್ಲಿ ಬಂದ ನೇರ ಸಿಂಪರಣೆಯ ಡಿ.ಐ. ಎಂಜಿನ್ನಿನ ಅಳತೆಯೂ ಇದೇ. ಹೊಲ ಉಳುತ್ತಿದ್ದ ಎಂಜಿನ್ನಿನ ಮೊಮ್ಮಗ ಸರಕು ಹೊರುತ್ತಿದ್ದಾನೆ ಎನ್ನಬಹುದು. ಆದರೆ ಮೊಮ್ಮಗನ ಅಂಗಿ ಅಜ್ಜನಿಗೆ ಆಗುವುದಿಲ್ಲ. ಕಾರಣಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಪ್ರಯೋಗಕ್ಕೆ ಆಸೆಪಡುವವರು ನಮ್ಮ ತಮ್ಮ ಒಬ್ಬನೇ ಅಲ್ಲ.

ಮೊದಲನೆಯದು ವೇಗ. ಟ್ರಾಕ್ಟರ್ ಎಂಜಿನ್ನಿಗೆ ಗವರ್ನರ್ ಕಟ್ಟಿರುತ್ತಾರೆ. ಬಿ-275ರ ಸುಮಾರು 35 ಅಶ್ವಶಕ್ತಿ ದೊರೆಯುವುದು ನಿಮಿಷಕ್ಕೆ 1875 ಸುತ್ತುಗಳಲ್ಲಿ. ಪಿಕಪ್ಪಿನ ಡಿ.ಐ. ಟರ್ಬೊ ಎಂಜಿನ್ 3200 ಸುತ್ತುಗಳಲ್ಲಿ ಸುಮಾರು 63 ಅಶ್ವಶಕ್ತಿ ಕೊಡುತ್ತದೆ. ನಮ್ಮ ಗಾಡಿಯ ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ ನೆಲದ ಮೇಲೆ ಒಂದು ಸುತ್ತು ಉರುಳಿಸಿ ಅಳೆದಾಗ 2.15 ಮೀಟರ್ ಬಂತು. ಪ್ರೊಪೆಲರ್ ಶಾಫ್ಟ್ 4.3 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಎಂಜಿನ್ ಮತ್ತು ಶಾಫ್ಟ್ ಸಮನಾಗಿ ತಿರುಗುವ ನೇರ ಗೇರಿನಲ್ಲಿ 3200 ಸುತ್ತಿಗೆ ಗಾಡಿ ಗಂಟೆಗೆ 96 ಕಿ.ಮೀ. ಓಡುತ್ತದೆ. 1875 ಸುತ್ತಿಗೆ ಬರುವುದು 56 ಕಿ.ಮೀ. ಮಾತ್ರ. "56 ಸಾಕಲ್ಲ, ನಮಗೇನು ರೇಸೇ?" ಎಂದ ತಮ್ಮ. ಸಪಾಟು ರಸ್ತೆಗೆ ಸಾಕು. ಏರಿನಲ್ಲಿ ನೋಡೋಣ.

ಹೊರೆ ಸೇರಿ ಗಾಡಿಯ ತೂಕ 2700 ಕಿಲೋ ಎಂದುಕೊಳ್ಳಿ. 20 ಅಡಿಗೆ 1 ಅಡಿ ಏರುವ ರಸ್ತೆಯಲ್ಲಿ ಅದನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ ಎಳೆಯಲು, ಟೈರಿನ ಮತ್ತು ಗಾಳಿಯ ತಡೆಯನ್ನೂ ಸೇರಿಸಿ, ಚಕ್ರಗಳಲ್ಲಿ ಸುಮಾರು 28 ಅಶ್ವಶಕ್ತಿ ಬೇಕು. ಗೇರು, ಶಾಫ್ಟ್, ಆಕ್ಸೆಲುಗಳಲ್ಲಿ ನಷ್ಟವಾಗುವುದನ್ನು ಕೂಡಿಸಿದರೆ ಎಂಜಿನ್ನಿನ ಬಳಿ 31–32 ಬೇಕಾಗುತ್ತದೆ. 35 ಅಶ್ವಶಕ್ತಿಯ ಎಂಜಿನ್, ಅದೂ ಹೊಸದಿದ್ದಾಗಿನ ಶಕ್ತಿ ಈಗಲೂ ಉಳಿದಿದ್ದರೆ, ತನ್ನ ಕಟ್ಟಕಡೆಯ ಬಲ ಹಾಕಿ ಏರಬೇಕು. ಐವತ್ತು ವರ್ಷದ ಎಂಜಿನ್ ಆ ಸ್ಥಿತಿಯಲ್ಲಿ ಬೆಳಿಗ್ಗೆ ಹತ್ತರೊಳಗೆ ಕಾದುಹೋಗುತ್ತದೆ. ಗವರ್ನರ್ ಸ್ಕ್ರೂ ತಿರುಗಿಸಿ ವೇಗ ಹೆಚ್ಚಿಸಿದರೆ ಸಾಕೆಂದು ಹೇಳುವವರಿದ್ದಾರೆ. ನಿಧಾನಕ್ಕೆ ತಿರುಗಲೆಂದು ಮಾಡಿದ ಭಾರದ ಪಿಸ್ಟನ್ನು, ಕನೆಕ್ಟಿಂಗ್ ರಾಡುಗಳ ಮೇಲೆ ಬೀಳುವ ಎಳೆತ ವೇಗದ ವರ್ಗದಂತೆ ಏರುತ್ತದೆ: 1875ರಿಂದ 3200 ಸುತ್ತಿಗೆ ಏರಿಸಿದರೆ ಎಳೆತ ಸುಮಾರು ಮೂರು ಪಟ್ಟಾಗುತ್ತದೆ. ಆ ಸ್ಕ್ರೂಗೆ ಸೀಲು ಹಾಕಿರುವುದು ಸುಮ್ಮನೆ ಅಲ್ಲ.

ಎರಡನೆಯದು ಮೈಕಟ್ಟು. ಬಹುತೇಕ ಟ್ರಾಕ್ಟರುಗಳಲ್ಲಿ ಬೇರೆ ಚಾಸಿಸ್ ಇರುವುದಿಲ್ಲ. ಎಂಜಿನ್ನೇ ಗಾಡಿಯ ಬೆನ್ನೆಲುಬು. ಮುಂದಿನ ಆಕ್ಸೆಲು ಎಂಜಿನ್ನಿಗೆ ಕೂಡಿಕೊಂಡಿರುತ್ತದೆ, ಕೆಳಗಿನ ಆಯಿಲ್ ಚೇಂಬರ್ ದಪ್ಪ ಎರಕದ್ದು. ಪಿಕಪ್ಪಿನಲ್ಲಿ ಎಂಜಿನ್ ರಬ್ಬರ್ ಮೌಂಟಿಂಗುಗಳ ಮೇಲೆ ಕೂರುತ್ತದೆ. ಅದರ ಚೇಂಬರ್ ತಗಡಿನದು, ಅಡ್ಡಪಟ್ಟಿಗೆ ತಾಗದಂತೆ ಒಂದು ಕಡೆ ತಗ್ಗು, ಒಂದು ಕಡೆ ಆಳ. ಆಯಿಲ್ ಹೀರುವ ಕೊಳವೆ ಆ ಆಳದಲ್ಲೇ ಇರಬೇಕು. ಒಂದರ ಚೇಂಬರನ್ನು ಇನ್ನೊಂದಕ್ಕೆ ಹಾಕಿ ಕೊಳವೆ ತಪ್ಪು ಜಾಗದಲ್ಲಿ ಉಳಿದರೆ, ಇಳಿಜಾರಿನಲ್ಲಿ ಆಯಿಲು ಮುಂದಕ್ಕೆ ಸರಿದಾಗ ಪಂಪು ಗಾಳಿ ಹೀರುತ್ತದೆ, ಬೇರಿಂಗುಗಳು ಹೋಗುತ್ತವೆ.

ಟ್ರಾಕ್ಟರಿನ ವಿಷಯದಲ್ಲಿ ನನಗೆ ಇನ್ನೊಂದು ಅಳುಕು ಇತ್ತು. ಅದು ಅಪ್ಪನ ಕೈಯ ಗಾಡಿ. ಅದನ್ನು ಲೇಖನದಲ್ಲಿ ವಾದವಾಗಿ ಮುಂದಿಡುವುದು ಸರಿಯಲ್ಲ, ಬಿಡಿ.

ಕಾಯಿದೆಯ ಮಾತು

ಇದನ್ನು ಅನೇಕರು ಕಡೆಯಲ್ಲಿ ಯೋಚಿಸುತ್ತಾರೆ. ಮೊದಲೇ ಯೋಚಿಸಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದ ಪ್ರಕಾರ ನೋಂದಣಿ ಪತ್ರದಲ್ಲಿ ಬರೆದಿರುವ ವಿವರಗಳು ತಯಾರಕರು ಮೊದಲು ನಿಗದಿಪಡಿಸಿದ್ದಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸಲು ಮಾಲೀಕನಿಗೆ ಅಧಿಕಾರವಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ನಿನಿಂದ ಬದಲಿಸಲು ಮಾತ್ರ ದಾರಿಯಿದೆ. ಅದಕ್ಕೂ ಒಂದೆರಡು ಗಾಡಿಗಳ ಮಾಲೀಕರು ಪ್ರಾದೇಶಿಕ ಸಾರಿಗೆ ಕಚೇರಿಯ ಅನುಮೋದನೆಯನ್ನು ಮುಂಚಿತವಾಗಿ ಪಡೆಯಬೇಕು. ಬದಲಿಸಿದ 14 ದಿನಗಳೊಳಗೆ ಆರ್.ಸಿ. ಒಪ್ಪಿಸಿ ಹೊಸ ಎಂಜಿನ್ ನಂಬರನ್ನು ದಾಖಲು ಮಾಡಿಸಬೇಕು. ಗಾಡಿಯ ಮೇಲೆ ಸಾಲ ಇನ್ನೂ ಇದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯನ್ನೂ ಪಡೆದಿರುವುದು ಕ್ಷೇಮ.

ಹೊಗೆಯ ಮಟ್ಟದ ವಿಚಾರವೂ ಇದೆ. ಭಾರತ್ ಸ್ಟೇಜ್ 2ರ ಮಿತಿ 2005ರಲ್ಲಿ, 3ರದು 2010ರಲ್ಲಿ, 4ರದು 2017ರಲ್ಲಿ, 6ರದು 2020ರಲ್ಲಿ ದೇಶಕ್ಕೆಲ್ಲ ಬಂದವು. ಟ್ರಾಕ್ಟರುಗಳಿಗೆ ಇಂಥ ಮಿತಿ ಬಂದದ್ದೇ 1999ರಲ್ಲಿ. ಹೀಗಾಗಿ 2018ರ ಗಾಡಿಗೆ 2004ರ ಎಂಜಿನ್ ಇಳಿಸುವುದು ಕಾಯಿದೆಯ ಕಣ್ಣಿನಲ್ಲಿ ಹಿಂದಕ್ಕೆ ಹೋದಂತೆ. ಹೊಸ ಕಾಮನ್ ರೈಲ್ ಎಂಜಿನ್ನುಗಳ ಕಂಪ್ಯೂಟರ್ ಪೆಟ್ಟಿಗೆ, ದುಬಾರಿ ನಾಜಲ್ಲುಗಳಿಂದ ಬೇಸತ್ತ ರೈತರು "ಹಳೇ ಪಂಪಿನ ಎಂಜಿನ್ನೇ ಹಾಕ್ಸಿಬಿಡ್ತೀನಿ" ಎನ್ನುವುದನ್ನು ಕೇಳಿದ್ದೇನೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಅಂಥ ಗಾಡಿ ಅಪಘಾತಕ್ಕೆ ಸಿಕ್ಕಿದ ದಿನ ವಿಮೆಯವರು ಮೊದಲು ನೋಡುವುದು ಎಂಜಿನ್ ನಂಬರನ್ನು. ಆರ್.ಸಿ.ಯಲ್ಲಿ ಇರುವುದು ಒಂದು, ಬಾನೆಟ್ಟಿನ ಕೆಳಗಿರುವುದು ಇನ್ನೊಂದು ಆದರೆ, ಎದುರಿನವನಿಗೆ ಕೊಡಬೇಕಾದ ಪರಿಹಾರಕ್ಕಾಗಿ ಜಮೀನು ಮಾರಬೇಕಾಗಿ ಬರಬಹುದು.

ತಮ್ಮನಿಗೆ ನಾಟಿದ್ದು ಈ ಮಾತು. ವೇಗದ ಲೆಕ್ಕ, ಏರಿನ ಲೆಕ್ಕ ಯಾವುದೂ ನಾಟಿರಲಿಲ್ಲ.

ಹಳೆಯ ಎಂಜಿನ್ ಕೊಳ್ಳುವಾಗ

ಕಡೆಗೆ ನಮ್ಮ ಗಾಡಿಗಿಂತ ಮೂರು ವರ್ಷ ಹಳೆಯದಾದ, 2006ರ ಅದೇ ಮಾದರಿಯ ಎಂಜಿನ್ ಹುಡುಕಿದೆವು. ಅದೂ ಭಾರತ್ ಸ್ಟೇಜ್ 2ರದೇ. ಹಿಂಬದಿಯಿಂದ ಅಪಘಾತವಾಗಿ ಗುಜರಿಗೆ ಬಂದ ಗಾಡಿಯದು. ಇದಕ್ಕೆ ಮುಂಚೆ ನೋಡಿದ ಎರಡನ್ನು ಬಿಟ್ಟುಬಂದೆವು. ಒಂದರ ನಂಬರು ಕೊರೆದ ಜಾಗವನ್ನು ಉಜ್ಜಿದ ಹಾಗಿತ್ತು. ಬೆಲೆ ಎಷ್ಟೇ ಕಡಿಮೆಯಿರಲಿ, ಅಂಥದ್ದನ್ನು ಮುಟ್ಟಬಾರದು. ಕಳವಿನ ಮಾಲಾಗಿದ್ದರೆ ಕೊಂಡವನೇ ಸಿಕ್ಕಿಬೀಳುತ್ತಾನೆ. ಮಾರುವವರಿಂದ ಬಿಲ್ಲು ಮತ್ತು ಎಂಜಿನ್ ಬಂದ ಗಾಡಿಯ ಆರ್.ಸಿ. ಪ್ರತಿ ಕೇಳಿ ಪಡೆಯಬೇಕು.

ಇನ್ನೊಂದನ್ನು ಬಿಟ್ಟದ್ದಕ್ಕೆ ಕಾರಣ ಬೇರೆ. ನಾವು ಹೋಗುವಷ್ಟರಲ್ಲಿ ಅದನ್ನು ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಟ್ಟಿದ್ದರು. ಬಿಸಿ ಎಂಜಿನ್ ತನ್ನ ರೋಗವನ್ನು ಮುಚ್ಚಿಡುತ್ತದೆ. ತಣ್ಣಗಿರುವಾಗ ಎಷ್ಟು ಸುತ್ತಿಗೆ ಹೊತ್ತಿಕೊಳ್ಳುತ್ತದೆ, ಹೊತ್ತಿದ ಮೇಲೆ ಬಿಳಿ ಹೊಗೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೇ ನೋಡಬೇಕಾದ ವಿಷಯ. ಆದ್ದರಿಂದ "ನಾಳೆ ಬೆಳಿಗ್ಗೆ ಬರ್ತೀವಿ, ಅಲ್ಲೀವರೆಗೆ ಮುಟ್ಟಬೇಡಿ" ಎಂದು ಹೇಳಿ ಬಂದೆವು. ಬೆಳಿಗ್ಗೆ ಹೋದಾಗ ಮತ್ತೆ ಬಿಸಿಯಾಗಿತ್ತು!

ನಾವು ಕೊಂಡ ಎಂಜಿನ್ನನ್ನು ಮೇಸ್ತ್ರಿಗಳು ಪರೀಕ್ಷಿಸಿದ ರೀತಿ ಹೀಗಿತ್ತು. ಡಿಪ್‌ಸ್ಟಿಕ್ ಎಳೆದು ಮೂಸಿದರು. ಡೀಸೆಲ್ ವಾಸನೆಯಿದ್ದು ಆಯಿಲು ಮಟ್ಟ ಮೀರಿದ್ದರೆ ಇಂಧನ ಕೆಳಗಿಳಿಯುತ್ತಿದೆ ಎಂದರ್ಥ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಪದರವಿದ್ದರೆ ನೀರು ಸೇರುತ್ತಿದೆ. ಸ್ಟಾರ್ಟ್ ಮಾಡಿ ಆ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಎಂದು ಹೊರಬಂದರೆ ಪಿಸ್ಟನ್ ರಿಂಗುಗಳು ಸವೆದಿವೆ. ಆಮೇಲೆ ನಾಲ್ಕೂ ನಾಜಲ್ ಬಿಚ್ಚಿ ಕಂಪ್ರೆಷನ್ ಗೇಜು ಹಾಕಿದರು. ನೇರ ಸಿಂಪರಣೆಯ ಒಳ್ಳೆಯ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಚದರ ಸೆಂ.ಮೀ.ಗೆ 25ರಿಂದ 30 ಕಿಲೋ ಒತ್ತಡ ಕಾಣುತ್ತದೆ. 20ಕ್ಕೆ ಇಳಿದಿದ್ದರೆ ಬೋರು ಕೆಲಸ ಹತ್ತಿರ ಬಂದಿದೆ. ಅದಕ್ಕಿಂತ ಮುಖ್ಯವಾದುದು ನಾಲ್ಕರ ನಡುವಿನ ಅಂತರ. ನಮ್ಮದರಲ್ಲಿ 26, 26, 25, 26 ಬಂತು. ಎಲ್ಲವೂ ಸಮನಾಗಿ ಸ್ವಲ್ಪ ಸವೆದ ಎಂಜಿನ್, ಮೂರು ಚೆನ್ನಾಗಿದ್ದು ಒಂದು ಸೋತ ಎಂಜಿನ್ನಿಗಿಂತ ವಾಸಿ. ಕಡೆಯದಾಗಿ ಕ್ರ್ಯಾಂಕ್ ಪುಲ್ಲಿಯ ಹಿಂದೆ ಸ್ಕ್ರೂಡ್ರೈವರ್ ಇಟ್ಟು ಹಿಂದೆ ಮುಂದೆ ಮೀಟಿ, ಆಟ ಎಷ್ಟಿದೆಯೆಂದು ನೋಡಿದರು.

ಅದರಲ್ಲೂ ಒಂದು ಕೊರತೆಯಿತ್ತು. ಹಿಂದಿನ ಮಾಲೀಕರು ಥರ್ಮೋಸ್ಟಾಟ್ ತೆಗೆದುಹಾಕಿದ್ದರು. ನಮ್ಮ ಕಡೆ ಇದು ದೊಡ್ಡ ರೋಗ. "ಹೀಟು ಕಮ್ಮಿ ಆಗುತ್ತೆ" ಎಂದು ಹೇಳಿ ಕಿತ್ತು ಬಿಸಾಡುತ್ತಾರೆ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬೇಗ ಬಿಸಿಯೇರದು. ತಣ್ಣನೆಯ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಉರಿಯದೆ ಗೋಡೆಗೆ ಅಂಟಿ ಆಯಿಲನ್ನು ತೊಳೆಯುತ್ತದೆ, ಬೋರು ಸವೆಯುತ್ತದೆ, ಡೀಸೆಲ್ಲೂ ಹೆಚ್ಚು ಕುಡಿಯುತ್ತದೆ. ಹೊಸದೊಂದನ್ನು ತಂದು ಬಿಸಿ ನೀರಿನ ಪಾತ್ರೆಯಲ್ಲಿ ಮುಳುಗಿಸಿ, ಬಾಯಿ ತೆರೆಯುವುದನ್ನು ನೋಡಿ ಹಾಕಿದೆವು.

ಕೂರಿಸುವ ಕೆಲಸ

ಅನುಮೋದನೆ ಬರುವವರೆಗೆ ಎಂಜಿನ್ ನೆಲದ ಮೇಲೇ ಇತ್ತು. ಆ ಬಿಡುವು ಒಳ್ಳೆಯದೇ ಆಯಿತು. ಎಂಜಿನ್ ಹೊರಗಿರುವಾಗ 10 ನಿಮಿಷದಲ್ಲಿ ಆಗುವ ಕೆಲಸಕ್ಕೆ, ಒಳಗೆ ಕೂರಿಸಿದ ಮೇಲೆ ಒಂದು ದಿನ ಬೇಕಾಗುತ್ತದೆ. ಹಿಂದಿನ ಆಯಿಲ್ ಸೀಲು, ನೀರಿನ ಪಂಪು, ಎಲ್ಲ ಹೋಸ್ ಪೈಪುಗಳು, ಬೆಲ್ಟು, ಕ್ಲಚ್ ಪ್ಲೇಟು, ಫ್ಲೈವೀಲಿನ ನಡುವಿನ ಚಿಕ್ಕ ಬೇರಿಂಗು ಇವನ್ನೆಲ್ಲ ಆಗಲೇ ಬದಲಿಸಿದೆವು. ನಾಜಲ್ಲುಗಳನ್ನು ಪರೀಕ್ಷಾ ಯಂತ್ರಕ್ಕೆ ಹಾಕಿಸಿ ಒತ್ತಡ ಸರಿಮಾಡಿಸಿದೆವು. ಟ್ಯಾಪೆಟ್ಟುಗಳನ್ನು ಹೊಂದಿಸಿದೆವು.

ಒಂದೇ ಮಾದರಿಯೆಂದು ಹೇಳಿದರೂ ವರ್ಷ ಬೇರೆಯಾದಾಗ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ. ಆದ್ದರಿಂದ ಹಳೆಯದನ್ನು ಗುಜರಿಗೆ ಹಾಕುವ ಮೊದಲು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮೌಂಟಿಂಗ್ ತೂತುಗಳು, ಬೆಲ್ ಹೌಸಿಂಗಿನ ಬೋಲ್ಟುಗಳು, ಫ್ಲೈವೀಲಿನ ಹಲ್ಲುಗಳ ಸಂಖ್ಯೆ, ಸೆಲ್ಫ್ ಮೋಟಾರಿನ ಜಾಗ ಎಲ್ಲವನ್ನೂ ತಾಳೆ ನೋಡಬೇಕು. ಕ್ಲಚ್ ಪ್ಲೇಟನ್ನು ಗೇರ್‌ಬಾಕ್ಸಿನ ಶಾಫ್ಟಿಗೆ ಕೈಯಿಂದಲೇ ತೂರಿಸಿ ನೋಡಬೇಕು. ತೂತು ಹೊಂದದೆ ಇದ್ದಾಗ ಗ್ಯಾಸಿನಲ್ಲಿ ಕೊಯ್ದು ವೆಲ್ಡಿಂಗ್ ಮಾಡಿ ಕೂರಿಸುವುದನ್ನು ನೋಡಿದ್ದೇನೆ. ಎಂಜಿನ್ ಒಂದು ಕೂದಲೆಳೆಯಷ್ಟು ಓರೆಯಾದರೂ ಗೇರ್‌ಬಾಕ್ಸಿನ ಬೇರಿಂಗು ಅದರ ಬೆಲೆ ತೆರುತ್ತದೆ.

ಟರ್ಬೊ ಇರುವ ಎಂಜಿನ್ನನ್ನು ಒಣಗಿದಂತೆಯೇ ಸ್ಟಾರ್ಟ್ ಮಾಡಬಾರದು. ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷದ ಆಸುಪಾಸಿನಲ್ಲಿ ತಿರುಗುವ ವಸ್ತು; ಆಯಿಲು ತಲುಪುವ ಮೊದಲೇ ತಿರುಗಿದರೆ ಅದರ ಬೇರಿಂಗು ಆ ಕ್ಷಣಕ್ಕೇ ಗೀರಿಹೋಗುತ್ತದೆ. ಆಯಿಲ್ ಬರುವ ತೂತಿಗೆ ಕೈಯಿಂದ ಆಯಿಲ್ ಹಾಕಿ, ಡೀಸೆಲ್ ಪಂಪಿನ ಸ್ಟಾಪ್ ವಯರ್ ಕಿತ್ತಿಟ್ಟು, ಹತ್ತು ಹತ್ತು ಸೆಕೆಂಡು ಸೆಲ್ಫ್ ಹೊಡೆಯುತ್ತಾ, ನಡುನಡುವೆ ವಿರಾಮ ಕೊಡುತ್ತಾ, ಆಯಿಲ್ ದೀಪ ಆರುವ ತನಕ ಕಾದೆವು. ಅನಂತರವೇ ವಯರ್ ಸಿಕ್ಕಿಸಿ, ಪೈಪುಗಳ ಏರ್ ತೆಗೆದು ಸ್ಟಾರ್ಟ್ ಮಾಡಿದ್ದು. ಬಿಳಿ ಹೊಗೆ ನಿಲ್ಲಲಿಲ್ಲ. ಪಂಪಿನ ಟೈಮಿಂಗ್ ಸ್ವಲ್ಪ ಹಿಂದೆ ಬಿದ್ದಿತ್ತು. ತಡವಾಗಿ ಸಿಂಪರಣೆಯಾದರೆ ಬಿಳಿ ಹೊಗೆ, ಕಾಯುವಿಕೆ. ಬೇಗನೆ ಆದರೆ ಕಟಕಟ ಬಡಿತ. ಗುರುತಿಗೆ ತಂದು ಕೂರಿಸಿದ ಮೇಲೆ ಸದ್ದು ಸರಿಹೋಯಿತು.

ಬ್ರೇಕಿನ ವಿಷಯ ಮರೆಯಬೇಡಿ

ಇದನ್ನು ಬೇರೆಯಾಗಿಯೇ ಬರೆಯುತ್ತಿದ್ದೇನೆ. ಗಾಡಿ ಹೊತ್ತಿಕೊಂಡ ಸಂಭ್ರಮದಲ್ಲಿ ತಮ್ಮ ಹೊರಕ್ಕೆ ಓಡಿಸಲು ಹೊರಟ. ಮೇಸ್ತ್ರಿಗಳು ಬಾಗಿಲು ಹಿಡಿದು ನಿಲ್ಲಿಸಿದರು. "ಇರಪ್ಪ, ಮೊದ್ಲು ಬ್ರೇಕ್ ಒತ್ತು" ಎಂದರು. ಒತ್ತಿದರೆ ಪೆಡಲು ಕಲ್ಲಿನಂತಿತ್ತು.

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಹೀರುವ ದಾರಿಗೆ ಅಡ್ಡ ಬಾಗಿಲಿರುವುದರಿಂದ ಅಲ್ಲಿ ನಿರ್ವಾತ ತಾನಾಗಿಯೇ ಉಂಟಾಗುತ್ತದೆ; ಬ್ರೇಕಿನ ಬೂಸ್ಟರ್ ಅದರಿಂದಲೇ ನಡೆಯುತ್ತದೆ. ಇಂಥ ಡೀಸೆಲ್ ಎಂಜಿನ್ನಿನಲ್ಲಿ ಆ ಬಾಗಿಲಿಲ್ಲ. ಅದಕ್ಕಾಗಿ ಪ್ರತ್ಯೇಕ ವ್ಯಾಕ್ಯೂಮ್ ಪಂಪು ಬೇಕು; ಅನೇಕ ಗಾಡಿಗಳಲ್ಲಿ ಅದು ಬ್ಯಾಟರಿ ಚಾರ್ಜು ಮಾಡುವ ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ, ಎಂಜಿನ್ನಿನಿಂದ ಆಯಿಲು ಪಡೆದು ತಿರುಗುತ್ತದೆ. ನಾವು ಕೊಂಡ ಎಂಜಿನ್ನಿನಲ್ಲಿ ಆಲ್ಟರ್ನೇಟರ್ ಇರಲಿಲ್ಲ, ಹಳೆಯದನ್ನೇ ಹಾಕಿದ್ದೆವು. ನಿರ್ವಾತದ ಪೈಪನ್ನು ಸಿಕ್ಕಿಸಲು ಮರೆತಿದ್ದೆವು. ಬರೀ ಅಂಗಳದಲ್ಲಿ ಆದ್ದರಿಂದ ಬಚಾವಾದೆವು. 80 ಬಾಕ್ಸು ಹೊತ್ತು ಇಳಿಜಾರಿನಲ್ಲಿ ಗೊತ್ತಾಗಿದ್ದರೆ ಈ ಲೇಖನವನ್ನು ನಾನು ಬರೆಯುತ್ತಿರಲಿಲ್ಲ. ಟ್ರಾಕ್ಟರ್ ಎಂಜಿನ್ನು ಕೂರಿಸಿಕೊಂಡಿದ್ದರಂತೂ ಅದರಲ್ಲಿ ಈ ಪಂಪೇ ಇರುತ್ತಿರಲಿಲ್ಲ.

ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ ಇದು: ಎಂಜಿನ್ ನಿಲ್ಲಿಸಿ ಬ್ರೇಕ್ ಪೆಡಲನ್ನು ನಾಲ್ಕೈದು ಸಲ ಒತ್ತಿರಿ, ಅದು ಗಟ್ಟಿಯಾಗುತ್ತದೆ. ಕಾಲನ್ನು ಒತ್ತಿಯೇ ಇಟ್ಟು ಸ್ಟಾರ್ಟ್ ಮಾಡಿರಿ. ಪೆಡಲು ಕಾಲ ಕೆಳಗೆ ಸ್ವಲ್ಪ ಇಳಿದರೆ ಬೂಸ್ಟರ್ ಸರಿ. ಇಳಿಯದಿದ್ದರೆ ಗಾಡಿಯನ್ನು ಕದಲಿಸಬಾರದು.

ನಂತರದ ದಿನಗಳು

ಮೋಟಾರು ವಾಹನ ನಿರೀಕ್ಷಕರು ಎಂಜಿನ್ ನಂಬರು ತಾಳೆ ನೋಡಿ ಆರ್.ಸಿ.ಯಲ್ಲಿ ಬರೆದುಕೊಟ್ಟರು. ಹೊಗೆ ಪರೀಕ್ಷೆಯಲ್ಲಿ, ಆ ಕಾಲದ ಗಾಡಿಗಳಿಗಿರುವ 65 ಹಾರ್ಟ್ರಿಡ್ಜ್ ಮಿತಿಯೊಳಗೆ ಬಂತು. ವಿಮಾ ಕಚೇರಿಗೂ ಹೊಸ ನಂಬರನ್ನು ಬರೆದು ತಿಳಿಸಿದೆವು. ಒಟ್ಟು 23 ದಿನ ಹಿಡಿಯಿತು. ಅಷ್ಟು ದಿನ ಬಾಡಿಗೆ ಗಾಡಿಯಲ್ಲಿ ಹಣ್ಣು ಸಾಗಿಸಿದ ಖರ್ಚನ್ನು ಎಂಜಿನ್ನಿನ ಖರ್ಚಿಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಬಹಳ ಮಂದಿ ಅದನ್ನು ಸೇರಿಸುವುದಿಲ್ಲ. 15 ವರ್ಷ ದಾಟಿದ ಸರಕು ಗಾಡಿಗಳ ಎಫ್.ಸಿ. ಶುಲ್ಕ 2022ರ ಏಪ್ರಿಲ್‌ನಿಂದ ಬಹಳ ಏರಿದೆ. ಹೀಗಾಗಿ ಗಾಡಿಗೆ 13–14 ವರ್ಷವಾಗಿದ್ದರೆ ಎಂಜಿನ್ ಹಾಕುವುದೋ, ಗಾಡಿಯನ್ನೇ ಮಾರುವುದೋ ಎಂದು ಕಾಗದ ಪೆನ್ಸಿಲು ಹಿಡಿದು ನೋಡುವುದು ಒಳ್ಳೆಯದು. ನಮ್ಮ ಗಾಡಿಯ ಚಾಸಿಸ್ಸಿಗೆ ತುಕ್ಕು ಹಿಡಿದಿರಲಿಲ್ಲ, ಗೇರ್‌ಬಾಕ್ಸು ಚೆನ್ನಾಗಿತ್ತು. ಅದಕ್ಕೇ ಧೈರ್ಯ ಮಾಡಿದೆವು.

ಮೊದಲ 500 ಕಿ.ಮೀ. ಅರ್ಧ ಹೊರೆಯಲ್ಲಿ ಓಡಿಸಿ, ಆಯಿಲು ಮತ್ತು ಫಿಲ್ಟರು ಬದಲಿಸಿ, ಮೌಂಟಿಂಗ್ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿ, ಟ್ಯಾಪೆಟ್ ನೋಡಿಸಿದೆವು. ಶಾಖದ ಮುಳ್ಳು ಈಗ ಕೆಲಸ ಮಾಡುತ್ತದೆ. ಟ್ಯಾಂಕು ತುಂಬಿಸಿ, ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ, ಆರು ಸಲ ಅಳೆದಾಗ ಹೊರೆಯೊಡನೆ ಸರಾಸರಿ ಲೀಟರಿಗೆ 11 ಕಿ.ಮೀ. ಬಂತು. ಒಂದೇ ಸಲದ ಅಳತೆಯನ್ನು ನಂಬಬೇಡ ಎಂದು ತಮ್ಮನಿಗೆ ಹೇಳಿದಾಗ, "ಅಣ್ಣ, ಗಾಡಿಗೂ ನಿಮ್ಮ ಪ್ರಯೋಗದ ತಾಕು ಹಾಕಿಬಿಟ್ಯಾ?" ಎಂದು ನಕ್ಕ.

ಅಪ್ಪನ ಟ್ರಾಕ್ಟರ್ ಇನ್ನೂ ಶೆಡ್ಡಿನಲ್ಲೇ ಇದೆ. ಪಿಕಪ್ಪಿನ ಕೆಲಸ ಮುಗಿದ ಮೇಲೆ ಅದೇ ಮೇಸ್ತ್ರಿಗಳು ಅದರ ನಾಜಲ್ಲುಗಳನ್ನೂ ತೊಳೆದು, ಏರ್ ತೆಗೆದು, ಬೇರೆ ಬ್ಯಾಟರಿ ಕೊಟ್ಟು ನೋಡಿದರು. ಮೂರನೆಯ ಸಲಕ್ಕೆ ಹೊತ್ತಿಕೊಂಡಿತು. ಈಗ ಅದಕ್ಕೆ ಜೋಳದ ಒಕ್ಕಣೆ ಯಂತ್ರ ಹೂಡಿದ್ದಾರೆ.